ಆವಿನ ಮದ್ದಿಗೆ ಲೈನ್ ಕ್ಲಿಯರ್

ಹೆಗ್ಗಡದೇವನಕೋಟೆಯಲ್ಲಿ ನಾನು ಎಂಟು ವರ್ಷ ಒಂದು ಔಷಧಾಲಯದ ಬೀರುವಿನ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಓಡಾಡಿದವನು. ಕಾಗದದ ಮೇಲೆ ನನ್ನ ಕೆಲಸ ಸ್ಟೋರ್‌ಕೀಪರ್. ಔಷಧ ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಪುಸ್ತಕದಲ್ಲಿ ಬರೆದಿಡುವುದು. ಹಳ್ಳಿಗಳಿಂದ ಬಂದವರು ನನ್ನನ್ನೂ ಡಾಕ್ಟ್ರೇ ಎಂದು ಕರೆಯುತ್ತಿದ್ದರು. ನಾನು ತಿದ್ದುತ್ತಿರಲಿಲ್ಲ. ಬೀಗದ ಕೈ ಯಾರ ಹತ್ತಿರ ಇದೆಯೋ ಅವನೇ ಡಾಕ್ಟರು ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು.

ಔಷಧಾಲಯ ಸರ್ಕಾರದ್ದಲ್ಲ. ಒಂದು ಧರ್ಮಸಂಸ್ಥೆಯವರು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ನಮ್ಮ ಕೋಟೆ, ಹೀಗೆ ನಾಲ್ಕು ಊರಿನಲ್ಲಿ ನಾಲ್ಕು ಔಷಧಾಲಯ ನಡೆಸುತ್ತಿದ್ದರು. ಆ ಸಂಸ್ಥೆ ಈಗ ಇಲ್ಲ, ಅದರ ಹೆಸರು ಹೇಳಿ ಯಾರಿಗೂ ಉಪಯೋಗವೂ ಇಲ್ಲ. ಪ್ರತಿ ಊರಿಗೂ ಒಬ್ಬ ಸ್ಟೋರ್‌ಕೀಪರ್, ಒಬ್ಬ ನರ್ಸು, ಒಂದು ಕಪ್ಪು ಫೋನು ಕೊಟ್ಟಿದ್ದರು. ಡಾಕ್ಟರು ಮಾತ್ರ ನಾಲ್ಕು ಊರಿಗೂ ಸೇರಿ ಒಬ್ಬರೇ. ಅವರು ಯಾವ ದಿನ ಯಾವ ಊರಿನಲ್ಲಿರುತ್ತಾರೆ ಎಂದು ಒಂದು ಪಟ್ಟಿ ಇತ್ತು. ಆ ಪಟ್ಟಿಯಲ್ಲಿರುವ ಊರೊಂದನ್ನು ಬಿಟ್ಟು ಉಳಿದ ಮೂರರಲ್ಲಿ ಎಲ್ಲಿಯಾದರೂ ಸಿಗುತ್ತಿದ್ದರು.

ನಾಲ್ಕೂ ಕಡೆ ಬೀರುವಿನಲ್ಲಿದ್ದ ಅತಿ ಬೆಲೆಬಾಳುವ ವಸ್ತು ಹಾವಿನ ವಿಷ ಇಳಿಸುವ ಔಷಧ. ಗಾಜಿನ ಸೀಸೆಯೊಳಗೆ ಪುಡಿ, ನೀರು ಬೆರೆಸಿ ಸೂಜಿಯಲ್ಲಿ ಕೊಡಬೇಕು. ಕೇಳಿದಷ್ಟು ಬರುತ್ತಿರಲಿಲ್ಲ, ಬಂದದ್ದು ಸಾಲುತ್ತಿರಲಿಲ್ಲ. ಮೊದಮೊದಲು ಪ್ರತಿ ಊರಿನವನೂ ತನ್ನ ಬೀರುವಿನ ಲೆಕ್ಕವನ್ನು ತನ್ನ ಪುಸ್ತಕದಲ್ಲಿ ಮಾತ್ರ ಬರೆದುಕೊಳ್ಳುತ್ತಿದ್ದ. ಒಂದು ದಿನ ಕಂಪಲಾಪುರದ ಕಡೆಯ ಒಬ್ಬನನ್ನು ಹಾವು ಕಚ್ಚಿ ಪಿರಿಯಾಪಟ್ಟಣಕ್ಕೆ ತಂದರು. ಅಲ್ಲಿ ಸೀಸೆ ಮುಗಿದಿತ್ತು. ಹುಣಸೂರಿನಲ್ಲಿ ಇದೆ ಹೋಗಿ ಎಂದರು. ಹುಣಸೂರಿನಲ್ಲಿದ್ದದ್ದು ಹಿಂದಿನ ವಾರವೇ ಖರ್ಚಾಗಿತ್ತು. ಕೋಟೆಗೆ ಹೋಗಿ ಎಂದರು. ಮೂರನೆಯ ಬಸ್ಸು ಹತ್ತಿಸುವಾಗ ಆತನಿಗೆ ಉಸಿರಿರಲಿಲ್ಲ. ಯಾರ ಪುಸ್ತಕವೂ ಸುಳ್ಳು ಹೇಳಿರಲಿಲ್ಲ. ತನ್ನ ಬೀರುವಿನ ಸತ್ಯ ತನಗೆ, ಅಷ್ಟೇ.

ಸುದ್ದಿ ತಿಳಿದು, ಮೈಸೂರಿನಲ್ಲಿದ್ದ ಸಂಸ್ಥೆಯ ಕಾರ್ಯದರ್ಶಿಗಳು ಒಂದು ವಾರ ಊಟ ಸರಿಯಾಗಿ ಮಾಡಲಿಲ್ಲವಂತೆ. ಅವರು ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರಾಗಿ ನಿವೃತ್ತರಾದವರು. ಒಳ್ಳೆಯವರು, ಬುದ್ಧಿವಂತರು. ಮೂರ್ಖರಾಗಿದ್ದರೆ ಯಾರೂ ಅವರ ಮಾತು ಕೇಳುತ್ತಿರಲಿಲ್ಲ, ಈ ಕತೆಯೂ ಇರುತ್ತಿರಲಿಲ್ಲ. ನಮ್ಮನ್ನೆಲ್ಲ ಹುಣಸೂರಿಗೆ ಕರೆಸಿ, ಕೈಗೆ ಒಂದೊಂದು ಕೆಂಪು ರಟ್ಟಿನ ಪುಸ್ತಕ ಕೊಟ್ಟರು. ನಾಲ್ಕೂ ಒಂದೇ ತರಹ. ಪ್ರತಿ ಪುಸ್ತಕದಲ್ಲೂ ನಾಲ್ಕು ಊರಿನ ಲೆಕ್ಕ. ಯಾವ ಊರಿನ ಪುಸ್ತಕ ತೆರೆದರೂ ಎಲ್ಲ ಊರಿನ ಬೀರು ಕಾಣಬೇಕು.

"ಹಳಿ ಒಂದೇ ಇದ್ದಾಗ, ಮುಂದಿನ ಸ್ಟೇಷನ್ನಿನವನು ಲೈನ್ ಕ್ಲಿಯರ್ ಅನ್ನದೆ ನಾನು ಒಂದು ರೈಲನ್ನೂ ಬಿಟ್ಟವನಲ್ಲ," ಎಂದರು. "ಮೂವತ್ತು ವರ್ಷದಲ್ಲಿ ಒಂದು ಡಿಕ್ಕಿ ಇಲ್ಲ. ಸೀಸೆಯೂ ಹಾಗೇ. ನೀವು ಒಂದು ಸೀಸೆ ಒಡೆಯಬೇಕಾದರೆ ಉಳಿದ ಮೂರು ಊರಿಗೆ ಫೋನ್ ಮಾಡಿ. ಮೂವರೂ ತಮ್ಮ ಪುಸ್ತಕದಲ್ಲಿ ಬರೆದುಕೊಂಡು ಲೈನ್ ಕ್ಲಿಯರ್ ಅನ್ನಲಿ. ಆಮೇಲೆ ಒಡೆಯಿರಿ."

ಹುಣಸೂರಿನ ಸ್ಟೋರ್‌ಕೀಪರ್ ಎದ್ದು ನಿಂತ. "ಸಾರ್, ಮೊದ್ಲು ಕೊಟ್ಬುಡೋದು, ಆಮ್ಯಾಕೆ ಪೋನ್ ಮಾಡಿ ಯೋಳೋದು. ಜನ ಉಳ್ಕತಾರೆ."

"ನೀನು ಕೊಟ್ಟು ಹೇಳುವಷ್ಟರಲ್ಲಿ ಪಿರಿಯಾಪಟ್ಟಣದವನು ಪುಸ್ತಕ ನಂಬಿಕೊಂಡು ಇನ್ನೊಬ್ಬನನ್ನು ನಿನ್ನ ಹತ್ತಿರ ಕಳಿಸಿರುತ್ತಾನೆ. ಅವನಿಗೆ ಏನು ಕೊಡುತ್ತೀಯ? ಬೆಲ್ಲದ ಪಾನಕವೇ?"

ಪಿರಿಯಾಪಟ್ಟಣದವನು ತಲೆ ಕೆರೆದುಕೊಂಡ. "ಮೂವರಲ್ಲಿ ಇಬ್ರು ಊ ಅಂದ್ರೆ ಸಾಕು ಅನ್ನಿ ಸಾರ್. ಮೂರ್ನೇಯೋನು ಸಂತೆಗೋಗಿರ್ತಾನೆ."

"ಆ ಮೂರನೆಯವನ ಹತ್ತಿರವೇ ನಿಜ ಇದ್ದರೆ?"

ಇಬ್ಬರೂ ಕುಳಿತರು. ಇವತ್ತು ಯೋಚಿಸಿದರೆ ಮೂವರು ಹೇಳಿದ್ದೂ ಸರಿಯೇ ಅನ್ನಿಸುತ್ತದೆ. ಬೇಗ ಕೊಟ್ಟರೆ ಪುಸ್ತಕ ಸುಳ್ಳಾಗುತ್ತದೆ, ಪುಸ್ತಕ ನಿಜವಾಗಿರಬೇಕೆಂದರೆ ಬೇಗ ಕೊಡಲಾಗುವುದಿಲ್ಲ. ಯಾವ ನಿಯಮ ಮಾಡಿದರೂ ಒಬ್ಬನಲ್ಲ ಒಬ್ಬ ಸಾಯುತ್ತಾನೆ. ಯಾರು ಸಾಯಬೇಕು ಎನ್ನುವುದನ್ನಷ್ಟೇ ಮೀಟಿಂಗಿನಲ್ಲಿ ತೀರ್ಮಾನ ಮಾಡುವುದು. ಆದರೆ ಅವತ್ತು ನನಗೆ ಅಷ್ಟು ತಲೆ ಇರಲಿಲ್ಲ. ಕಾರ್ಯದರ್ಶಿಗಳು ಹೇಳಿದ್ದೇ ವೇದ ಎಂದು ಎಲ್ಲರಿಗಿಂತ ಮೊದಲು ಕೈ ಎತ್ತಿದವನು ನಾನು. ಅವರು ಇನ್ನೊಂದು ನಿಯಮವನ್ನೂ ಸೇರಿಸಿದರು. ಪ್ರತಿ ಸೋಮವಾರ ನಾಲ್ವರೂ ಫೋನಿನಲ್ಲಿ ಪುಸ್ತಕ ತಾಳೆ ನೋಡಬೇಕು. ತಾಳೆಯಾಗದಿದ್ದರೆ, ಆಗುವ ತನಕ ನಾಲ್ಕು ಊರಿನಲ್ಲಿ ಎಲ್ಲಿಯೂ ಸೀಸೆ ಒಡೆಯಕೂಡದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಮ್ಮ ಕಡೆಯದೇ. ಅದಕ್ಕೂ ನಾನು ಕೈ ಎತ್ತಿದೆ.

ಇಲ್ಲಿ ಕೃಷ್ಣರಾಜನಗರದ ಸ್ಟೋರ್‌ಕೀಪರ್ ವಿಷಯ ಹೇಳಬೇಕು. ಅವರು ಹಳಗನ್ನಡ ಓದಿಕೊಂಡಿದ್ದ ಹಿರಿಯರು. ಪಂಡಿತರು ಎಂದೇ ಕರೆಯುತ್ತಿದ್ದೆವು. ನಾನೋ ಪಿರಿಯಾಪಟ್ಟಣದ ಪಕ್ಕದ ಹಳ್ಳಿಯವನು. ನಮ್ಮೂರಿನಲ್ಲಿ ಹಕಾರ ಎಂಬುದು ಮದುವೆ ಮನೆಗೆ ಹಾಕಿಕೊಳ್ಳುವ ಒಡವೆ, ದಿನಾ ಯಾರೂ ಹಾಕುವುದಿಲ್ಲ. ಹಾಲು ಆಲು, ಹಸು ಅಸ, ಹೋಗು ಓಗು. ಸೋಮವಾರದ ಫೋನಿನಲ್ಲಿ ಪಂಡಿತರು ನನ್ನ ಒಂದೊಂದು ಮಾತನ್ನೂ ತಿದ್ದುತ್ತಿದ್ದರು. "ಆರು ಅಲ್ಲವಯ್ಯ, ಸ್ಪಷ್ಟವಾಗಿ ಹೇಳು, ಆರೋ ಹಾರೋ?" ಎನ್ನುತ್ತಿದ್ದರು. ನನಗೆ ರೇಗಿ, ಕೆಲವು ದಿನ ಬರೆಯುವಾಗ ಕಂಡಕಂಡಲ್ಲೆಲ್ಲ ಹಕಾರ ಹಾಕಿದೆ. ರೋಗಿಗಳ ಗಂಜಿಗೆ ಬೇಕಾದ ಅಕ್ಕಿಯನ್ನು 'ಹಕ್ಕಿ, ಹತ್ತು ಸೇರು' ಎಂದು ಬರೆದು ಕಳಿಸಿದೆ. ಆ ಚೀಟಿಯನ್ನು ಹುಣಸೂರಿನಲ್ಲಿ ಗೋಡೆಗೆ ಅಂಟಿಸಿದ್ದರಂತೆ. ಅಲ್ಲಿಂದ ಮುಂದೆ, ಏನಾದರಾಗಲಿ, ಬಾಯಲ್ಲಿ ಬಂದ ಹಾಗೆಯೇ ಬರೆಯುವುದು ಎಂದು ಶಪಥ ಮಾಡಿದೆ. ಶಪಥಕ್ಕೆ ಒಳ್ಳೆಯ ಕಾಲ ಅದಲ್ಲ.

ಏಕೆಂದರೆ ಅದೇ ಸಮಯದಲ್ಲಿ ಕಾರ್ಯದರ್ಶಿಗಳು, ಕೋಟೆಯ ಬೀರುವಿನಲ್ಲಿ ಹನ್ನೆರಡು ಸೀಸೆ ಇದೆ, ಕೃಷ್ಣರಾಜನಗರದಲ್ಲಿ ಒಂದೂ ಇಲ್ಲ, ಇದು ಅನ್ಯಾಯ ಎಂದು ಕಂಡುಹಿಡಿದರು. ಕಾಡಿನ ಅಂಚಿನ ಕೋಟೆಯಲ್ಲಿ ಹಾವು ಜಾಸ್ತಿ ಎಂಬುದನ್ನು ಪುಸ್ತಕದಲ್ಲಿ ಬರೆಯಲು ಕಾಲಮ್ಮು ಇರಲಿಲ್ಲ. ಆರು ಸೀಸೆ ಅಲ್ಲಿಗೆ ಕಳಿಸು ಎಂದು ನನಗೆ ಕಾಗದ ಬಂತು. ಬರುತ್ತದೆ ತೆಗೆದುಕೊಳ್ಳಿ ಎಂದು ಪಂಡಿತರಿಗೂ ಒಂದು ಕಾಗದ ಹೋಯಿತು. ನಾನು ಸೀಸೆಗಳನ್ನು ಹುಲ್ಲಿನಲ್ಲಿ ಸುತ್ತಿ, ಡಬ್ಬದಲ್ಲಿಟ್ಟು, ಅರಗಿನ ಮೊಹರು ಹಾಕಿ, ಮೇಲೆ ಒಂದು ಚೀಟಿ ಅಂಟಿಸಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟೆ. ಪುಸ್ತಕದಲ್ಲಿ ನಮ್ಮ ಹನ್ನೆರಡನ್ನು ಆರು ಮಾಡಿ, ಕೃಷ್ಣರಾಜನಗರದ ಮುಂದೆ ಆರು ಬರೆದೆ. ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ಫೋನ್ ಮಾಡಿ ಹೇಳಿದೆ, ಅವರೂ ಬರೆದುಕೊಂಡರು. ಪಂಡಿತರಿಗೆ ಲೈನು ಸಿಗಲಿಲ್ಲ. ಡಬ್ಬವೇ ಹೋಗುತ್ತಿದೆಯಲ್ಲ, ಫೋನು ಯಾಕೆ ಎಂದು ಸುಮ್ಮನಾದೆ.

ಸೋಮವಾರ ತಾಳೆಗೆ ಕುಳಿತೆವು. ಮೂರು ಪುಸ್ತಕದಲ್ಲಿ ಕೃಷ್ಣರಾಜನಗರಕ್ಕೆ ಆರು. ಕೃಷ್ಣರಾಜನಗರದ ಪುಸ್ತಕದಲ್ಲಿ ಸೊನ್ನೆ.

"ನನಗೆ ಕಾಗದ ಬಂದಿದೆ, ಸೀಸೆ ಬಂದಿಲ್ಲ," ಎಂದರು ಪಂಡಿತರು.

"ಕಳ್ಸಿದೀನಿ ಸೋಮಿ, ನನ್ ಕೈಯಾರ ಮೊರು ಆಕಿ ಕಳ್ಸಿದೀನಿ."

"ಮೊಹರು ಅನ್ನಯ್ಯ."

ಕಾರ್ಯದರ್ಶಿಗಳಿಗೆ ವಿಷಯ ಹೋಯಿತು. ಒಡನೆ ಮೈಸೂರಿನಿಂದ ಆಜ್ಞೆ: ಆರು ಸೀಸೆ ಸಿಗುವ ತನಕ ನಾಲ್ಕೂ ಊರಿನ ಬೀರು ಬಂದ್. ನಾನು ನಿಯಮದಂತೆ ಬೀಗದ ಮೇಲೆ ಕಾಗದದ ಪಟ್ಟಿ ಅಂಟಿಸಿ ಸಹಿ ಹಾಕಿದೆ.

ಬುಧವಾರ ಬೆಳಗ್ಗೆ ಹತ್ತು ಗಂಟೆಯ ಬಸ್ಸಿನಲ್ಲಿ ಕಾಡಂಚಿನ ಒಂದು ಹಾಡಿಯಿಂದ ಗಂಡ ಹೆಂಡತಿ ಬಂದರು. ಆಕೆ ರಾಗಿ ಹೊಲದಲ್ಲಿ ಕಳೆ ಕೀಳಲು ಕೂಲಿಗೆ ಹೋಗಿದ್ದಳು. ಎಡಗಾಲಿನ ಪಾದ ಊದಿ ನುಣುಪಾಗಿ ಹೊಳೆಯುತ್ತಿತ್ತು. ಗಂಡ ಅವಳನ್ನು ಹೆಗಲ ಮೇಲೆ ಹೊತ್ತು ರಸ್ತೆಯ ತನಕ ಓಡಿ ಬಂದು ಬಸ್ಸಿಗೆ ಕೈ ಅಡ್ಡ ಹಾಕಿದ್ದ.

ನಮ್ಮ ನರ್ಸು ಕೇರಳದ ಮಾನಂದವಾಡಿ ಕಡೆಯವಳು. ಕಾಲು ನೋಡಿದವಳೇ ನನ್ನ ಕಡೆ ತಿರುಗಿದಳು. "ಅಣಲಿ ಸಾರೇ ಇದು, ಅಣಲಿ. ಒಸಡಿನಲ್ಲಿ ರಕ್ತ ಬರುತ್ತಾ ಉಂಟು." ಅವಳ ಮಾತಿನ ಅಣಲಿ ಎಂದರೆ ನಮ್ಮ ಕೊಳಕುಮಂಡಲ. ಡಾಕ್ಟರು ಇಲ್ಲದಾಗ ಹಾವಿನ ಔಷಧವನ್ನು ಅವಳೇ ಕೊಡಬಹುದು ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಸೂಜಿ ಕುದಿಸಲು ಇಟ್ಟು, "ಬೀರು ತೆಗೀರಿ" ಎಂದಳು.

"ಪುಸ್ತಕ ತಾಳೆ ಆಗ್ನಿಲ್ಲ ಸಿಸ್ಟರ್," ಎಂದೆ.

ಅವಳಿಗೆ ನನ್ನ ಕನ್ನಡ ಅರ್ಥವಾಗಲಿಲ್ಲ ಎಂದುಕೊಂಡು ಇನ್ನೊಮ್ಮೆ ಹೇಳಿದೆ. ಅವಳಿಗೆ ಮೊದಲ ಸಲವೇ ಅರ್ಥವಾಗಿತ್ತು.

ಬೀರುವಿನಲ್ಲಿ ಆರು ಸೀಸೆ ಇತ್ತು. ಗಾಜಿನ ಬಾಗಿಲಿನಿಂದ ಎಲ್ಲರಿಗೂ ಕಾಣುತ್ತಿತ್ತು. ಆ ಹೆಂಗಸು ಬೆಂಚಿನ ಮೇಲೆ ಮಲಗಿದ್ದಲ್ಲಿಂದಲೂ ಕಾಣುತ್ತಿತ್ತು. ನಾನು ಫೋನಿನ ಮುಂದೆ ಕುಳಿತೆ. ಡಬ್ಬ ಪತ್ತೆಯಾಗಿ ಮೂರೂ ಊರಿನ ಲೈನ್ ಕ್ಲಿಯರ್ ಸಿಕ್ಕಿದರೆ ಆಯಿತು, ನಿಯಮವೂ ಉಳಿಯುತ್ತದೆ, ಹೆಂಗಸೂ ಉಳಿಯುತ್ತಾಳೆ ಎಂದು ನನ್ನ ಲೆಕ್ಕ. ಟ್ರಂಕ್ ಕಾಲ್ ಬುಕ್ ಮಾಡಿದೆ. ಹುಣಸೂರಿನ ದಾರಿಯಲ್ಲಿ ಆನೆ ಕಂಬಕ್ಕೆ ಮೈ ಉಜ್ಜಿ ಕಂಬ ವಾಲಿಕೊಂಡಿದೆ, ರಿಪೇರಿಯವರು ಹೋಗಿದ್ದಾರೆ ಎಂದು ಎಕ್ಸ್‌ಚೇಂಜಿನವನು ಹೇಳಿದ. ಹನ್ನೊಂದಾಯಿತು. ಹನ್ನೆರಡಾಯಿತು. ಊತ ಮೊಣಕಾಲಿಗೆ ಏರಿತು.

ಗಂಡ ಬಂದು ನನ್ನ ಮೇಜಿನ ಪಕ್ಕ ನಿಂತ. "ಬುದ್ಧಿ, ಅಲ್ಲೈತಲ್ಲ ಮದ್ದು."

"ಐತೆ ಕಣಪ್ಪ."

"ಅದು ಬ್ಯಾರೆಯೋರ್ದಾ?"

"ಬ್ಯಾರೆಯೋರ್ದಲ್ಲ. ಬ್ಯಾರೆ ಊರ್ನೋರು ಊ ಅನ್ಬೇಕು."

ಅವನು ಬೆಂಚಿನ ಕಡೆ ತಿರುಗಿ ನೋಡಿದ. "ಆ ಊರ್ನೋರಿಗೆ ಇವ್ಳು ಗೊತ್ತಿಲ್ವಲ್ಲ ಬುದ್ಧಿ," ಎಂದ. ನನಗೆ ಅವನ ಮೇಲೆ ಸಿಟ್ಟು ಬಂತು. ಉತ್ತರವಿಲ್ಲದ ಪ್ರಶ್ನೆ ಕೇಳಿದವನ ಮೇಲೆ ಬರುವ ಸಿಟ್ಟು ಅದು.

ಒಂದು ಗಂಟೆ ದಾಟಿದ ಮೇಲೆ ಲೈನು ಬಂತು. ಹುಣಸೂರಿನವನೂ ಪಿರಿಯಾಪಟ್ಟಣದವನೂ "ಮೊದ್ಲು ಕೊಡ್ಲಾ, ಮಾತು ಆಮ್ಯಾಕೆ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಉಳಿದದ್ದು ಪಂಡಿತರು. ನಾನು ಕಿರುಚಿದೆ. "ಸೋಮಿ, ಆ ಡಬ್ಬ ಎಲ್ಲೋಯ್ತು ನೋಡಿ! ಮೊರು ಆಕಿದ್ ಡಬ್ಬ! ಮ್ಯಾಲೆ ಚೀಟಿ ಅಂಟ್ಸಿದ್ದೆ!"

ಆ ಕಡೆಯಿಂದ ಪಂಡಿತರ ದನಿ ನಿಧಾನವಾಗಿ ಬಂತು. "ಚೀಟಿ ಅಂಟಿಸಿದ್ದೇ? ಡಬ್ಬ ಬಂದಿತ್ತು. ಅದರ ಮೇಲೆ 'ಆವಿನ ಮದ್ದು' ಎಂದು ಬರೆದಿತ್ತು."

"ಊ ಸೋಮಿ, ಅದೇಯಾ!"

"ಆವು ಎಂದರೆ ಹಸು ಕಣಯ್ಯ. ಅಚ್ಚಗನ್ನಡ. ನೀನು ಕೊನೆಗೂ ಒಂದು ಒಳ್ಳೆಯ ಪದ ಬರೆದೆಯಲ್ಲ ಎಂದು ಸಂತೋಷಪಟ್ಟೆ. ಹಸುವಿನ ಔಷಧ ನಮಗೆ ತಪ್ಪಿ ಬಂದಿದೆ, ನಿನ್ನ ಮಾನ ಹೋಗುವುದು ಬೇಡ ಎಂದು ಯಾರಿಗೂ ಹೇಳದೆ, ಮೊಹರು ಒಡೆಯದೆ, ಪಕ್ಕದ ಬೀದಿಯ ದನದ ಡಾಕ್ಟರಿಗೆ ಕೊಟ್ಟುಬಿಟ್ಟೆ. ಹಾವಿನದಾದರೆ ಹಾವು ಎಂದು ಬರೆಯಬೇಡವೇ?"

ಪುಣ್ಯಾತ್ಮರು ಒಬ್ಬರನ್ನು ಓಡಿಸಿದರು. ನಾನು ಫೋನು ಕಿವಿಗೆ ಹಿಡಿದೇ ಕುಳಿತೆ. ಸುದ್ದಿ ಬಂತು. ಡಬ್ಬ ಸಿಕ್ಕಿದೆ. ಆದರೆ ಐದು ಸೀಸೆ ಇದೆ. ಮಂಗಳವಾರ ಚುಂಚನಕಟ್ಟೆ ಕಡೆಯಿಂದ ಒಂದು ಎತ್ತನ್ನು ಹಾವು ಕಚ್ಚಿದೆ ಎಂದು ಹೊಡೆದುಕೊಂಡು ಬಂದಿದ್ದರಂತೆ. ದನದ ಡಾಕ್ಟರು ಸೀಸೆಯ ಮೇಲಿನ ಅಚ್ಚು ಓದಿ, ದೇವರು ಕೊಟ್ಟದ್ದು ಎಂದು ಒಂದನ್ನು ಒಡೆದು ಎತ್ತಿಗೆ ಚುಚ್ಚಿದ್ದರು. ಎತ್ತು ಎದ್ದು ಹುಲ್ಲು ತಿನ್ನುತ್ತಿದೆಯಂತೆ. ಕಚ್ಚಿದ್ದು ಹಾವೋ ಜಾಲಿ ಮುಳ್ಳೋ ಯಾರಿಗೆ ಗೊತ್ತು. ಆ ಎತ್ತಿಗೆ ಯಾರ ಲೈನ್ ಕ್ಲಿಯರ್ರೂ ಬೇಕಾಗಿರಲಿಲ್ಲ.

"ಹಾಗಾದರೆ ನನ್ನ ಪುಸ್ತಕದಲ್ಲಿ ಐದು ಬರೆಯುತ್ತೇನೆ," ಎಂದರು ಪಂಡಿತರು. "ನಿಮ್ಮ ಮೂವರಲ್ಲಿ ಆರು ಇದೆ. ಆ ಒಂದು ಸೀಸೆಯನ್ನು ಯಾವ ರೋಗಿಯ ಹೆಸರಿಗೆ ಖರ್ಚು ಹಾಕುವುದು? ಎತ್ತಿಗೆ ಕಾಲಮ್ಮಿಲ್ಲವಲ್ಲ. ಕಾರ್ಯದರ್ಶಿಗಳನ್ನು ಕೇಳಿ ತಾಳೆ ಮಾಡೋಣ."

ನಾಚಿಕೆಗೆಟ್ಟು ಹೇಳುತ್ತೇನೆ, ನಾನು ಅದಕ್ಕೂ "ಆಗ್ಲಿ ಸೋಮಿ" ಎಂದೆ. ಮೈಸೂರಿಗೆ ಕಾಲ್ ಬುಕ್ ಮಾಡಲು ಕೈ ಫೋನಿನ ಮೇಲೆಯೇ ಇತ್ತು. ಆಗ ನರ್ಸು ಬಂದಳು. ನನ್ನ ಸೊಂಟಕ್ಕೆ ಕೈ ಹಾಕಿ ಉಡಿದಾರ ಹಿಡಿದು ಎಳೆದಳು. ಹಳೆಯ ದಾರ, ಪಟಕ್ಕೆಂದಿತು. ಪಂಚೆಯೂ ಸಡಿಲವಾಯಿತು. ನಾನು ಒಂದು ಕೈಯಲ್ಲಿ ಪಂಚೆ, ಇನ್ನೊಂದು ಕೈಯಲ್ಲಿ ಫೋನು ಹಿಡಿದು "ಸಿಸ್ಟರ್, ರೂಲ್ಸು, ರೂಲ್ಸು" ಎನ್ನುತ್ತಿರುವಾಗ ಅವಳು ಬೀಗದ ಮೇಲಿನ ಪಟ್ಟಿ ಹರಿದು, ಬೀರು ತೆಗೆದು, ಸೀಸೆ ಒಡೆದಿದ್ದಳು. ಸಂಜೆಯೊಳಗೆ ಆರಕ್ಕೆ ಆರನ್ನೂ ಕೊಟ್ಟಳು. ನಾನು ಕೀ ಕೊಟ್ಟೆ ಎಂದು ಆಮೇಲೆ ಹಲವರ ಹತ್ತಿರ ಹೇಳಿಕೊಂಡಿದ್ದೇನೆ. ಕೊಡಲಿಲ್ಲ, ಅವಳು ಕಿತ್ತುಕೊಂಡಳು.

ಹೆಂಗಸು ಬದುಕಿದಳು. ಪಾದದ ಮಾಂಸ ಕೊಳೆತು, ಮೈಸೂರಿನಲ್ಲಿ ಮೂರು ಬೆರಳು ತೆಗೆದರು. ಮೂರೂವರೆ ಗಂಟೆ ಮೊದಲೇ ಕೊಟ್ಟಿದ್ದರೆ ಬಹುಶಃ ಉಳಿಯುತ್ತಿದ್ದವು ಎಂದು ನಮ್ಮ ಡಾಕ್ಟರು ಹೇಳಿದರು. ಹೇಳಿ, ಪಟ್ಟಿಯ ಪ್ರಕಾರ ಇರಬೇಕಾದ ಊರಿಗೆ ಅವತ್ತೊಂದು ದಿನ ಸರಿಯಾಗಿ ಹೋದರು.

ವಿಚಾರಣೆಗೆ ಕಾರ್ಯದರ್ಶಿಗಳು ಬಂದರು. ನಾಲ್ಕು ಕೆಂಪು ಪುಸ್ತಕಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಸೀಸೆಯ ಲೆಕ್ಕ ಸುಲಭವಾಗಿ ಮುಗಿಯಿತು. ಎತ್ತಿಗೆ ಹೋದದ್ದನ್ನು 'ದಾರಿಯಲ್ಲಿ ಒಡೆದದ್ದು' ಎಂದು ಬರೆದೆವು. ತೊಡಕು ಬಂದದ್ದು ಗಂಟೆಯದು. ನಮ್ಮ ಪುಸ್ತಕದಲ್ಲಿ ರೋಗಿ ಬಂದದ್ದು ಹತ್ತು, ಔಷಧ ಕೊಟ್ಟದ್ದು ಒಂದೂವರೆ. ಉಳಿದ ಮೂರು ಊರಿನವರು ತಮಗೆ ಫೋನು ಬಂದ ಹೊತ್ತನ್ನೇ ರೋಗಿ ಬಂದ ಹೊತ್ತು ಎಂದು ಬರೆದುಕೊಂಡಿದ್ದರು. ಅಲ್ಲಿ ಒಂದು ಗಂಟೆ ಚಿಲ್ಲರೆ.

"ಮೂರು ಪುಸ್ತಕ ಒಂದು ಹೇಳುತ್ತಿವೆ, ಒಂದು ಪುಸ್ತಕ ಬೇರೆ ಹೇಳುತ್ತಿದೆ," ಎಂದರು ಕಾರ್ಯದರ್ಶಿಗಳು. ನನ್ನ ಮುಖ ನೋಡಲಿಲ್ಲ. ಅವರ ಕಣ್ಣಿನಲ್ಲಿ ನೀರಿತ್ತು, ಅದನ್ನು ನಾನು ಕಂಡೆ. ಆದರೆ ಕೈ ಪೆನ್ನು ಹುಡುಕುತ್ತಿತ್ತು. "ತಾಳೆ ಮಾಡಿಬಿಡಿ."

ನಾನು ಹತ್ತನ್ನು ಹೊಡೆದು ಒಂದೂವರೆ ಬರೆದೆ. ಉಳಿದವರೂ ಒಂದೂವರೆ ಬರೆದರು. ಒಂದೂವರೆಗೆ ರೋಗಿ ಬಂದಳು, ಒಂದೂವರೆಗೆ ಔಷಧ ಕೊಟ್ಟೆವು. ಒಂದೂವರೆಗೆ ಆ ದಾರಿಯಲ್ಲಿ ಬಸ್ಸೇ ಇಲ್ಲ ಎಂಬುದನ್ನು ಯಾರೂ ಎತ್ತಲಿಲ್ಲ. ನರ್ಸು ಸಹಿ ಹಾಕುವುದಿಲ್ಲ ಎಂದಳು. ಆ ಕಾಲಮ್ಮಿಗೆ ನರ್ಸಿನ ಸಹಿ ಬೇಕಿಲ್ಲ ಎಂದು ಅಲ್ಲೇ ತೀರ್ಮಾನವಾಯಿತು. ಪುಸ್ತಕಗಳು ಶುರುವಾದ ಮೇಲೆ ಮೊದಲ ಸಲ ನಾಲ್ಕೂ ಅಕ್ಷರಕ್ಕೆ ಅಕ್ಷರ ತಾಳೆಯಾದವು. ಪಂಡಿತರು ನನ್ನ ಬರಹದಲ್ಲಿ ಒಂದೂ ತಪ್ಪು ಕಾಣದೆ ತಲೆದೂಗಿದರು. ಕಾರ್ಯದರ್ಶಿಗಳು ನಿಯಮವನ್ನೂ ಬದಲಾಯಿಸಿದರು. ಇನ್ನು ಮುಂದೆ ಮೊದಲು ಕೊಡುವುದು, ಆಮೇಲೆ ಹೇಳುವುದು. ಮರುವರ್ಷವೇ ಹುಣಸೂರಿನಲ್ಲಿ ಇದೆ ಎಂದು ಪುಸ್ತಕ ನಂಬಿ ಹೋದವರು ಖಾಲಿ ಬೀರು ನೋಡಿಕೊಂಡು ಬಂದರು.

ಎರಡು ತಿಂಗಳಾದ ಮೇಲೆ ಆಕೆ ಗಾಯಕ್ಕೆ ಬಟ್ಟೆ ಕಟ್ಟಿಸಿಕೊಳ್ಳಲು ಬಂದಳು. ಒಂದು ಕೋಲು ಊರಿಕೊಂಡು, ಎಡಗಾಲಿನ ಹಿಮ್ಮಡಿಯ ಮೇಲೆ ನಡೆಯುತ್ತಿದ್ದಳು. ಕಟ್ಟಿಸಿಕೊಂಡ ಮೇಲೆ ನನ್ನ ಮೇಜಿನ ಮುಂದೆ ನಿಂತು ಕೈ ಮುಗಿದಳು.

"ಒಂದ್ ಮಾತು ಬುದ್ಧಿ. ಅವತ್ತು ನಾವು ಯಾವೊತ್ನಲ್ಲಿ ಬಂದೋ? ನಂಗೆ ಗ್ಯಾನ ಇರ್ನಿಲ್ಲ. ಬೆಳಿಗ್ಗೆ ಬಸ್ಸಲ್ಲೇ ಬಂದೋ, ಮದ್ದು ಕೊಡದೆ ಕೂರಿಸ್ಕಂಡ್ರು ಅಂತ ನನ್ ಗಂಡ ಆಡೀಲೆಲ್ಲ ಯೋಳ್ಕೊಂಡು ತಿರುಗ್ತಾವ್ನೆ. ಜೀವ ಉಳ್ಸಿದೋರ್ನ ಅಂಗನ್ಬಾರ್ದು ಅಂತ ನಾನು. ನೀವು ಬರ್ಕೊಂಡಿರ್ತೀರಲ್ಲ, ವಸಿ ನೋಡಿ ಯೋಳಿ."

ನಾನು ಪುಸ್ತಕ ತೆಗೆದೆ. ನೋಡುವ ಅಗತ್ಯವಿರಲಿಲ್ಲ, ಆದರೂ ಆ ಪುಟವನ್ನು ಹುಡುಕಿ ತೆಗೆದು, ಬೆರಳಿಟ್ಟು ಓದಿದೆ.

"ಮಧ್ಯಾಹ್ನ ಒಂದೂವರೆ ಕಣವ್ವ."

ಆಕೆ ಪುಸ್ತಕವನ್ನೇ ನೋಡುತ್ತಾ ನಿಂತಳು. ಓದು ಬರುತ್ತಿರಲಿಲ್ಲ.

"ಬುಕ್ಕಲ್ಲೇ ಅಂಗೈತೆ ಅಂದ್ಮೇಲೆ ಮುಗೀತು ಬುಡಿ," ಎಂದಳು.

ಗಂಡ ಹೊರಗೆ ಜಗುಲಿಯ ಮೇಲೆ ಕುಳಿತಿದ್ದ. ಆಕೆ ಹೋಗಿ, ತಡ ಮಾಡಿದ್ದು ನಾವೇಯಂತೆ, ನೀನೇ ನನ್ನ ಒತ್ಗೆ ಸರ್ಯಾಗಿ ಕರ್ಕೊಂಡ್ ಬರ್ನಿಲ್ವಂತೆ ಎಂದು ಅವನಿಗೆ ಹೇಳುತ್ತಿದ್ದದ್ದು ಒಳಗಿದ್ದ ನನಗೆ ಕೇಳಿಸಿತು. ಅವನು ಎದ್ದು ಬಂದು ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದ. ನಾನು ಪುಸ್ತಕದ ಕಡೆ ನೋಡಿದೆ.